ತೊಂಬತ್ತೇಳೂ ಮುಕ್ಕಾಲು: ಸಿರಿವಂತರ ತೆರಿಗೆಯ ಒಂದು ಚರಿತ್ರೆ

1971ರ ಮೇ ತಿಂಗಳಲ್ಲಿ ಹಣಕಾಸು ಮಂತ್ರಿ ವೈ. ಬಿ. ಚವಾಣ್ ಮಂಡಿಸಿದ ಬಜೆಟ್ಟಿನಿಂದ ಭಾರತದ ಆದಾಯ ತೆರಿಗೆಯ ಗರಿಷ್ಠ ದರ ಶೇ. 97.75 ಆಯಿತು. ವರ್ಷಕ್ಕೆ ಎರಡು ಲಕ್ಷ ರೂಪಾಯಿ ದಾಟಿದ ಆದಾಯದ ಮೇಲೆ ಶೇ. 85 ತೆರಿಗೆ, ಆ ತೆರಿಗೆಯ ಮೇಲೆ ಮತ್ತೆ ಶೇ. 15 ಸರ್ಚಾರ್ಜ್. ಎರಡೂ ಸೇರಿದರೆ ನೂರಕ್ಕೆ ತೊಂಬತ್ತೇಳೂ ಮುಕ್ಕಾಲು. ಎರಡು ಲಕ್ಷದ ಮೇಲೆ ಗಳಿಸಿದ ಪ್ರತಿ ರೂಪಾಯಿಯಲ್ಲಿ ಗಳಿಸಿದವನ ಕೈಯಲ್ಲಿ ಉಳಿಯುತ್ತಿದ್ದುದು ಎರಡೂಕಾಲು ಪೈಸೆ.

ಎರಡು ಲಕ್ಷ ಎಂದರೆ ಆಗ ಎಷ್ಟು ದೊಡ್ಡ ಮೊತ್ತ ಎಂಬುದಕ್ಕೆ ಒಂದು ಅಳತೆ ಇದೆ. ರಾಷ್ಟ್ರಪತಿಗಳ ಸಂಬಳ ತಿಂಗಳಿಗೆ ಹತ್ತು ಸಾವಿರ ರೂಪಾಯಿ, ಅಂದರೆ ವರ್ಷಕ್ಕೆ ಒಂದು ಲಕ್ಷ ಇಪ್ಪತ್ತು ಸಾವಿರ. ಈ ಗರಿಷ್ಠ ದರ ದೇಶದ ಪ್ರಥಮ ಪ್ರಜೆಯ ಸಂಬಳವನ್ನೂ ಮುಟ್ಟುತ್ತಿರಲಿಲ್ಲ. ಅದು ಬಹಳ ಸಣ್ಣದೊಂದು ಗುಂಪಿಗಾಗಿ ಬರೆದ ದರ.

ಸಿರಿವಂತರಿಗೆ ಹೆಚ್ಚು ತೆರಿಗೆ ಹಾಕಬೇಕೆಂಬ ಮಾತು ಬಂದಾಗಲೆಲ್ಲ ಈ ಅಂಕಿಯನ್ನು ಯಾರಾದರೊಬ್ಬರು ನೆನಪಿಸುತ್ತಾರೆ. ಅದು ಸಮಾಜವಾದದ ಹುಚ್ಚು, ಅದರಿಂದಲೇ ಕಪ್ಪುಹಣ ಹುಟ್ಟಿತು, ಮತ್ತೆ ಆ ದಾರಿಗೆ ಹೋಗಬಾರದು ಎನ್ನುವುದು ಒಂದು ವಾದ. ಆಗ ಸರ್ಕಾರಕ್ಕೆ ಸಿರಿವಂತರನ್ನು ಮುಟ್ಟುವ ಧೈರ್ಯವಿತ್ತು, ಈಗ ಇಲ್ಲ ಎನ್ನುವುದು ಇನ್ನೊಂದು ವಾದ. ಎರಡೂ ವಾದಗಳು ದರವನ್ನು ಮಾತ್ರ ನೋಡುತ್ತವೆ. ಆ ಕಾಲದ ಬಜೆಟ್ ಭಾಷಣಗಳನ್ನೂ ಸಮಿತಿಗಳ ವರದಿಗಳನ್ನೂ ಸಾಲಾಗಿ ಇಟ್ಟುಕೊಂಡು ಓದಿದರೆ ಕಾಣುವುದು ಬೇರೆ. ತೆರಿಗೆಯ ಹಣೆಬರಹವನ್ನು ಬರೆಯುವುದು ದರ ಅಲ್ಲ. ಯಾವುದನ್ನು ಆದಾಯ ಎಂದು ಎಣಿಸುತ್ತೇವೆ, ಯಾವುದನ್ನು ಎಣಿಸದೆ ಬಿಡುತ್ತೇವೆ ಎಂಬ ತೀರ್ಮಾನ. ಭಾರತದಲ್ಲಿ ಈ ಎರಡನೆಯ ಪ್ರಶ್ನೆ ಬಂದಾಗಲೆಲ್ಲ ಸರ್ಕಾರಗಳು ದರದ ಕಡೆಗೆ ಮುಖ ತಿರುಗಿಸಿಕೊಂಡಿವೆ.

ಮೊದಲ ತೂತು

ಈ ದೇಶಕ್ಕೆ ಆದಾಯ ತೆರಿಗೆ ತಂದವರು ಜೇಮ್ಸ್ ವಿಲ್ಸನ್. ಸ್ಕಾಟ್ಲೆಂಡಿನವರು, ಟೋಪಿ ವ್ಯಾಪಾರದಿಂದ ಬದುಕು ಆರಂಭಿಸಿ ‘ದಿ ಎಕನಾಮಿಸ್ಟ್’ ಪತ್ರಿಕೆಯನ್ನು ಸ್ಥಾಪಿಸಿದವರು. 1857ರ ಬಂಡಾಯವನ್ನು ಅಡಗಿಸಲು ಮಾಡಿದ ಖರ್ಚಿನಿಂದ ಸರ್ಕಾರ ಸಾಲದಲ್ಲಿ ಮುಳುಗಿತ್ತು. ಅದನ್ನು ಸರಿಪಡಿಸಲು ಬ್ರಿಟಿಷ್ ಸರ್ಕಾರ ವಿಲ್ಸನ್‌ರನ್ನು ಕಲ್ಕತ್ತೆಗೆ ಕಳಿಸಿತು. 1860ರ ಜುಲೈನಲ್ಲಿ ತೆರಿಗೆ ಜಾರಿಗೆ ಬಂತು. ಆಗಸ್ಟ್‌ನಲ್ಲಿ ವಿಲ್ಸನ್ ಭೇದಿ ಕಾಯಿಲೆಯಿಂದ ತೀರಿಕೊಂಡರು. ಮದರಾಸಿನ ಗವರ್ನರ್ ಚಾರ್ಲ್ಸ್ ಟ್ರೆವೆಲಿಯನ್ ಈ ತೆರಿಗೆಯನ್ನು ಬಹಿರಂಗವಾಗಿಯೇ ವಿರೋಧಿಸಿ ಹುದ್ದೆ ಕಳೆದುಕೊಂಡರು.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ವಿಲ್ಸನ್‌ರ ತೆರಿಗೆ ಜಮೀನಿನ ಆದಾಯವನ್ನು ಹೊರಗಿಟ್ಟಿರಲಿಲ್ಲ. ಜಮೀನ್ದಾರರೂ ಅದರ ವ್ಯಾಪ್ತಿಯಲ್ಲಿದ್ದರು. ಆ ತೆರಿಗೆ 1865ರಲ್ಲಿ ನಿಂತಿತು, ಮತ್ತೆ ಬಂತು, ಮತ್ತೆ ನಿಂತಿತು. ಕೊನೆಗೆ 1886ರಲ್ಲಿ ಅದು ಶಾಶ್ವತ ಕಾನೂನಾಗಿ ನೆಲೆಗೊಂಡಾಗ ಕೃಷಿ ಆದಾಯಕ್ಕೆ ಪೂರ್ತಿ ವಿನಾಯಿತಿ ಸಿಕ್ಕಿತು. ಜಮೀನುಳ್ಳವರು ಆಗಲೇ ಭೂಕಂದಾಯ ಕಟ್ಟುತ್ತಿದ್ದಾರೆ, ಇನ್ನೊಂದು ಹೊರೆ ಬೇಡ ಎಂಬುದು ಕೊಟ್ಟ ಕಾರಣ. ಅಂದಿನ ಭೂಕಂದಾಯದ ಭಾರ ನೋಡಿದರೆ ಕಾರಣದಲ್ಲಿ ಹುರುಳಿಲ್ಲದೆ ಇರಲಿಲ್ಲ. ಆದರೆ ಮುಂದೆ ಭೂಕಂದಾಯ ಹೆಸರಿಗಷ್ಟೇ ಉಳಿಯುವ ಮಟ್ಟಕ್ಕೆ ಇಳಿಯಿತು, ಬೆಲೆಗಳು ಏರಿದವು, ವಿನಾಯಿತಿ ಮಾತ್ರ ಹಾಗೆಯೇ ನಿಂತಿತು. 1935ರ ಭಾರತ ಸರ್ಕಾರ ಕಾಯ್ದೆ ಕೃಷಿ ಆದಾಯಕ್ಕೆ ತೆರಿಗೆ ಹಾಕುವ ಅಧಿಕಾರವನ್ನು ಪ್ರಾಂತಗಳಿಗೆ ಕೊಟ್ಟಿತು. ನಮ್ಮ ಸಂವಿಧಾನ ಅದನ್ನು ರಾಜ್ಯಗಳಲ್ಲೇ ಉಳಿಸಿತು.

ಹೆಚ್ಚು ಗಳಿಸುವವರಿಗೆಂದೇ ಪ್ರತ್ಯೇಕವಾದ ‘ಸೂಪರ್ ಟ್ಯಾಕ್ಸ್’ ಬಂದದ್ದು ಮೊದಲ ಮಹಾಯುದ್ಧದ ನಡುವೆ, 1917ರಲ್ಲಿ. 1922ರ ಕಾಯ್ದೆ ಇನ್ನೊಂದು ಹೊಸ ಪದ್ಧತಿ ತಂದಿತು. ತೆರಿಗೆ ಯಾವುದರ ಮೇಲೆ, ಲೆಕ್ಕ ಹಾಕುವುದು ಹೇಗೆ ಎಂಬುದು ಕಾಯ್ದೆಯಲ್ಲಿ. ದರ ಎಷ್ಟು ಎಂಬುದು ಪ್ರತಿ ವರ್ಷದ ಹಣಕಾಸು ಕಾಯ್ದೆಯಲ್ಲಿ. ಆಡಳಿತಕ್ಕೆ ಇದು ಅನುಕೂಲ, ಸರಿ. ಆದರೆ ಅಂದಿನಿಂದ ಬಜೆಟ್ ದಿನದ ನಾಟಕ ದರದ ಸುತ್ತಲೇ ನಡೆಯುತ್ತ ಬಂದಿದೆ. ಕಾಯ್ದೆಯ ಒಳಗಿನ ವ್ಯಾಖ್ಯೆಗಳು ವಕೀಲರಿಗೂ ಆಡಿಟರುಗಳಿಗೂ ಬಿಟ್ಟ ಸಂಗತಿಯಾದವು.

ಕಾಲ್ಡರ್ ಹೆಣೆದ ಬಲೆ

1956ರ ಆರಂಭದಲ್ಲಿ ಕೇಂಬ್ರಿಜ್‌ನ ಅರ್ಥಶಾಸ್ತ್ರಜ್ಞ ನಿಕೊಲಸ್ ಕಾಲ್ಡರ್ ಭಾರತಕ್ಕೆ ಬಂದರು. ಬುಡಾಪೆಸ್ಟಿನಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ನೆಲೆಸಿದವರು. ತೆರಿಗೆಯನ್ನು ಜನರ ಆದಾಯದ ಮೇಲಲ್ಲ, ಖರ್ಚಿನ ಮೇಲೆ ಹಾಕಬೇಕೆಂದು ವಾದಿಸುವ ಪುಸ್ತಕವನ್ನು ಹಿಂದಿನ ವರ್ಷವಷ್ಟೇ ಪ್ರಕಟಿಸಿದ್ದರು. ಆಗ ಇಲ್ಲಿ ಎರಡನೆಯ ಪಂಚವಾರ್ಷಿಕ ಯೋಜನೆಗೆ ದುಡ್ಡು ಹೊಂದಿಸುವ ಚಿಂತೆ. ಜಾನ್ ಮಥಾಯ್ ಅಧ್ಯಕ್ಷತೆಯ ತೆರಿಗೆ ವಿಚಾರಣಾ ಆಯೋಗ ವರದಿ ಕೊಟ್ಟು ಇನ್ನೂ ಹೆಚ್ಚು ದಿನವಾಗಿರಲಿಲ್ಲ. ಮುಂದೆ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆಯನ್ನು ಕಟ್ಟಿದ ವಿ. ಕೆ. ಆರ್. ವಿ. ರಾವ್ ಆ ಆಯೋಗದ ಸದಸ್ಯರಾಗಿದ್ದರು. ಇದ್ದ ವ್ಯವಸ್ಥೆಯನ್ನು ರಿಪೇರಿ ಮಾಡುವುದು ಆಯೋಗದ ದಾರಿಯಾಗಿತ್ತು. ಕಾಲ್ಡರ್ ಇಡೀ ವ್ಯವಸ್ಥೆಯನ್ನೇ ಬೇರೆಯಾಗಿ ಕಟ್ಟಿ ತೋರಿಸಿದರು.

ಅವರ ನಿದಾನ ಸರಳವಾಗಿತ್ತು. ಆಗಲೇ ಗರಿಷ್ಠ ದರ ಶೇ. 90 ದಾಟಿತ್ತು. ಆದರೆ ಸಂಬಳದಾರನನ್ನು ಬಿಟ್ಟರೆ ಆ ದರವನ್ನು ನಿಜವಾಗಿ ಕಟ್ಟುವವರು ಅಪರೂಪ. ಕಾನೂನಿನ ಕಣ್ಣಿಗೆ ಆದಾಯವೆಂದು ಕಾಣುವುದು ಸಿರಿವಂತನ ನಿಜವಾದ ಶಕ್ತಿಯ ಒಂದು ತುಣುಕು ಮಾತ್ರ. ಆಸ್ತಿಯ ಬೆಲೆ ಏರುತ್ತದೆ, ಅದು ಆದಾಯವಲ್ಲ. ತಂದೆ ಮಗನಿಗೆ ಷೇರು ಕೊಡುತ್ತಾನೆ, ಅದು ಆದಾಯವಲ್ಲ. ಕಂಪನಿ ಮಾಲೀಕನಿಗೆ ಬಂಗಲೆ, ಕಾರು, ಆಳುಕಾಳು ಒದಗಿಸುತ್ತದೆ, ಅದೂ ಬಹುಪಾಲು ಲೆಕ್ಕಕ್ಕೆ ಬರುವುದಿಲ್ಲ. ತೆರಿಗೆ ವಂಚನೆಯಿಂದ ಸರ್ಕಾರಕ್ಕೆ ವರ್ಷಕ್ಕೆ 200ರಿಂದ 300 ಕೋಟಿ ರೂಪಾಯಿ ನಷ್ಟವಾಗುತ್ತಿದೆ ಎಂದು ಅವರು ಅಂದಾಜು ಮಾಡಿದರು.

ಅದಕ್ಕೆ ಅವರು ಸೂಚಿಸಿದ ಮದ್ದು ಐದು ತೆರಿಗೆಗಳ ಒಂದು ಕಟ್ಟು: ಆದಾಯ ತೆರಿಗೆ, ಬಂಡವಾಳ ಲಾಭದ ತೆರಿಗೆ, ವಾರ್ಷಿಕ ಸಂಪತ್ತಿನ ತೆರಿಗೆ, ವೈಯಕ್ತಿಕ ವೆಚ್ಚ ತೆರಿಗೆ, ದಾನ ತೆರಿಗೆ. ಐದಕ್ಕೂ ಒಂದೇ ಸಮಗ್ರ ವಿವರಪಟ್ಟಿ. ಐದು ತೆರಿಗೆ ಎಂದರೆ ಐದು ಪಟ್ಟು ಸುಲಿಗೆ ಎಂದು ಪತ್ರಿಕೆಗಳು ಬರೆದವು. ಕಾಲ್ಡರ್ ಯೋಚಿಸಿದ್ದು ಬೇರೆ. ಒಂದು ತೆರಿಗೆ ಇನ್ನೊಂದಕ್ಕೆ ಸಾಕ್ಷಿ ಹೇಳುವಂತೆ ಅವರು ಬಲೆ ಹೆಣೆದಿದ್ದರು.

ಒಂದು ಉದಾಹರಣೆ ನೋಡೋಣ. ವ್ಯಾಪಾರಿಯೊಬ್ಬ ಒಂದು ಲಕ್ಷಕ್ಕೆ ಮನೆ ಮಾರಿ ಪತ್ರದಲ್ಲಿ ನಲವತ್ತು ಸಾವಿರ ಎಂದು ಬರೆಸಬೇಕೆಂದಿದ್ದಾನೆ ಎನ್ನಿ. ಮಾರುವವನಿಗೆ ಕಡಿಮೆ ತೋರಿಸಿದರೆ ಲಾಭ. ಆದರೆ ಬಂಡವಾಳ ಲಾಭಕ್ಕೆ ತೆರಿಗೆ ಇದ್ದರೆ ಕೊಳ್ಳುವವನು ಒಪ್ಪುವುದಿಲ್ಲ. ನಾಳೆ ಅವನು ಮಾರುವಾಗ ಕೊಂಡ ಬೆಲೆ ಕಡಿಮೆ ಇದ್ದಷ್ಟೂ ಅವನ ಲಾಭ ದೊಡ್ಡದಾಗಿ ಕಾಣುತ್ತದೆ. ಇನ್ನು ಖರ್ಚಿನ ಲೆಕ್ಕ. ವರ್ಷದ ಮೊದಲ ದಿನದ ಆಸ್ತಿಗೆ ಆ ವರ್ಷದ ಆದಾಯ ಕೂಡಿಸಿ, ಕೊನೆಯ ದಿನದ ಆಸ್ತಿಯನ್ನು ಕಳೆದರೆ ಉಳಿಯುವುದೇ ಖರ್ಚು. ಆದಾಯ ಮುಚ್ಚಿಟ್ಟವನ ಆಸ್ತಿ ಬೆಳೆದಿರುತ್ತದೆ, ಸಂಪತ್ತಿನ ತೆರಿಗೆಯಲ್ಲಿ ಸಿಗುತ್ತಾನೆ. ಆಸ್ತಿ ಮುಚ್ಚಿಟ್ಟರೆ ಖರ್ಚು ಹೆಚ್ಚಾಗಿ ಕಾಣುತ್ತದೆ, ವೆಚ್ಚ ತೆರಿಗೆಯಲ್ಲಿ ಸಿಗುತ್ತಾನೆ. ಯಾರಿಗೋ ದಾನ ಕೊಟ್ಟೆ ಎಂದರೆ ದಾನ ತೆರಿಗೆ ಕಾದಿರುತ್ತದೆ. ಬಲೆಯ ಒಂದು ಕಣ್ಣು ಸಡಿಲವಾದರೆ ಪಕ್ಕದ ಕಣ್ಣು ಹಿಡಿದುಕೊಳ್ಳಬೇಕು.

ಈ ಕಟ್ಟಿಗೆ ಕಾಲ್ಡರ್ ಒಂದು ಷರತ್ತು ಹಾಕಿದ್ದರು. ಆದಾಯ ತೆರಿಗೆಯ ಗರಿಷ್ಠ ದರವನ್ನು ಶೇ. 45ಕ್ಕೆ ಇಳಿಸಬೇಕು. ಬ್ರಿಟನ್ನಿನ ಲೇಬರ್ ಪಕ್ಷದ ಒಲವಿನ, ಸಮಾನತೆಯ ಪರವಾದ ಅರ್ಥಶಾಸ್ತ್ರಜ್ಞನೊಬ್ಬ ಸಿರಿವಂತರ ದರವನ್ನು ಅರ್ಧಕ್ಕೆ ಇಳಿಸಿ ಎಂದದ್ದು ಹಲವರಿಗೆ ಅರ್ಥವಾಗಲಿಲ್ಲ. ಅವರ ತರ್ಕ ಹೀಗಿತ್ತು: ದರ ನೂರರ ಹತ್ತಿರ ಬಂದಷ್ಟೂ ಮುಚ್ಚಿಡುವುದರಿಂದ ಸಿಗುವ ಲಾಭ ಹೆಚ್ಚು, ಆಗ ಎಂಥ ಬಲೆಯೂ ಹರಿಯುತ್ತದೆ. ಕಡಿಮೆ ದರ, ಅಗಲವಾದ ತಳಹದಿ, ಪೂರ್ತಿ ಮಾಹಿತಿ – ಮೂರೂ ಒಟ್ಟಿಗೆ ಬೇಕು. ಇದರ ಜೊತೆಗೆ ದೊಡ್ಡ ವ್ಯವಹಾರಗಳ ಲೆಕ್ಕಕ್ಕೆ ಕಡ್ಡಾಯ ಆಡಿಟ್ ಬೇಕೆಂದೂ ಹೇಳಿದ್ದರು. ಅದು ಕಾನೂನಾಗಲು 1984ರವರೆಗೆ ಕಾಯಬೇಕಾಯಿತು.

ಬಿಡಿಬಿಡಿಯಾಗಿ ತೆಗೆದುಕೊಂಡದ್ದು

ಸರ್ಕಾರ ಕಾಲ್ಡರ್ ವರದಿಯನ್ನು ಮೂಲೆಗೆ ಎಸೆಯಲಿಲ್ಲ. 1956ರ ಕೊನೆಯಲ್ಲೇ ಬಂಡವಾಳ ಲಾಭದ ತೆರಿಗೆ ಮರಳಿ ಬಂತು. 1957ರಲ್ಲಿ ಟಿ. ಟಿ. ಕೃಷ್ಣಮಾಚಾರಿ ಸಂಪತ್ತಿನ ತೆರಿಗೆಯನ್ನೂ ವೆಚ್ಚ ತೆರಿಗೆಯನ್ನೂ ತಂದರು. 1958ರಲ್ಲಿ ದಾನ ತೆರಿಗೆ. ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ವೆಚ್ಚ ತೆರಿಗೆಯನ್ನು ಭಾರತ ಜಾರಿಗೊಳಿಸಿತು. ಕಾಗದದ ಮೇಲೆ ಐದೂ ತೆರಿಗೆಗಳು ಬಂದವು.

ಬಾರದೆ ಇದ್ದದ್ದು ಬಲೆ. ಗರಿಷ್ಠ ದರ ಸ್ವಲ್ಪ ಇಳಿಯಿತು, ಆದರೆ 45ರ ಹತ್ತಿರಕ್ಕೂ ಬರಲಿಲ್ಲ. ಒಂದೇ ವಿವರಪಟ್ಟಿಯ ಬದಲು ಪ್ರತಿ ತೆರಿಗೆಗೂ ಬೇರೆ ಕಾಯ್ದೆ, ಬೇರೆ ಅರ್ಜಿ, ಬೇರೆ ವಿನಾಯಿತಿಗಳ ಪಟ್ಟಿ ಬಂತು. ಕೃಷಿ ಆದಾಯದ ತೂತು ಹಾಗೆಯೇ ಇತ್ತು. ವೆಚ್ಚ ತೆರಿಗೆಯ ಪಾಡು ಎಲ್ಲಕ್ಕಿಂತ ಕೆಟ್ಟದ್ದು. ತೆರಿಗೆ ಕಳೆದು ವರ್ಷಕ್ಕೆ 36,000 ರೂಪಾಯಿಗಿಂತ ಹೆಚ್ಚು ಆದಾಯ ಉಳಿಯುವವರಿಗೆ ಮಾತ್ರ ಅದು ಅನ್ವಯ. ಖರ್ಚಿನ ಮೇಲಿನ ತೆರಿಗೆಗೆ ಹೊಸ್ತಿಲು ಮಾತ್ರ ಆದಾಯದ್ದು! ಆದಾಯವನ್ನು ಬಚ್ಚಿಟ್ಟು ಧಾರಾಳವಾಗಿ ಖರ್ಚು ಮಾಡುವವನನ್ನು ಹಿಡಿಯಲೆಂದೇ ಯೋಚಿಸಿದ್ದ ತೆರಿಗೆ, ಆದಾಯ ಬಚ್ಚಿಟ್ಟವನನ್ನು ಬಾಗಿಲಲ್ಲೇ ಬಿಟ್ಟುಬಿಟ್ಟಿತು. ಅದರ ಮೇಲೆ ಮದುವೆ, ವೈದ್ಯಕೀಯ ಖರ್ಚು ಮುಂತಾದವುಗಳಿಗೆ ರಿಯಾಯಿತಿ. ಬಂದ ಹಣ ಲೆಕ್ಕಕ್ಕಿಲ್ಲದಷ್ಟು. 1962ರಲ್ಲಿ ಮೊರಾರ್ಜಿ ದೇಸಾಯಿ ಅದನ್ನು ತೆಗೆದರು. 1964ರಲ್ಲಿ ಮತ್ತೆ ಹಣಕಾಸು ಮಂತ್ರಿಯಾಗಿದ್ದ ಕೃಷ್ಣಮಾಚಾರಿ ಮರಳಿ ತಂದರು. 1966ರಲ್ಲಿ ಸಚೀಂದ್ರ ಚೌಧುರಿ ಕೊನೆಗೂ ಮುಗಿಸಿದರು.

ಕಾಲ್ಡರ್ ಇಲ್ಲಿಂದ ಸಿಲೋನಿಗೆ ಹೋಗಿ ಅಲ್ಲೂ ವೆಚ್ಚ ತೆರಿಗೆಯ ಸಲಹೆ ಕೊಟ್ಟರು. ಅಲ್ಲೂ ಅದು ಬಾಳಲಿಲ್ಲ. ಬ್ರಿಟಿಷ್ ಗಯಾನಾದಲ್ಲಿ ಅವರ ಸಲಹೆಯ ಮೇಲೆ ರೂಪಿಸಿದ ಬಜೆಟ್ 1962ರಲ್ಲಿ ಗಲಭೆಗೇ ಕಾರಣವಾಯಿತು. ಕಾಲ್ಡರ್ ಯೋಜನೆಯಲ್ಲಿ ದೌರ್ಬಲ್ಯವೂ ಇತ್ತು. ಐದೂ ತೆರಿಗೆಗಳ ಲೆಕ್ಕವನ್ನು ತಾಳೆ ನೋಡಬಲ್ಲ ನುರಿತ ಅಧಿಕಾರಿಗಳು, ಒಂದೆಡೆ ಸೇರಿದ ದಾಖಲೆಗಳು ಅದಕ್ಕೆ ಬೇಕಿದ್ದವು. ಕಂಪ್ಯೂಟರ್ ಇಲ್ಲದ ಕಾಲ. ಆಸ್ತಿ ಪತ್ರಗಳು ಸಬ್‌ರಿಜಿಸ್ಟ್ರಾರ್ ಕಚೇರಿಯ ದಪ್ಪ ಪುಸ್ತಕಗಳಲ್ಲಿ, ತೆರಿಗೆ ಕಡತಗಳು ಬೇರೆ ಊರಿನಲ್ಲಿ. ಆದರೂ ಒಂದು ಮಾತು ನಿಜ. ಅವರ ಯೋಜನೆ ಸೋತಿತು ಎನ್ನುವುದಕ್ಕಿಂತ, ಅದನ್ನು ಇಡಿಯಾಗಿ ಯಾರೂ ಪ್ರಯೋಗಿಸಲಿಲ್ಲ ಎನ್ನುವುದೇ ಸರಿ.

ದರದ ಏಣಿ

ಬಲೆ ಹೆಣೆಯಲಾಗದ ಸರ್ಕಾರ ದರ ಏರಿಸುವ ಸುಲಭದ ದಾರಿ ಹಿಡಿಯಿತು. 1969ರಲ್ಲಿ ಕಾಂಗ್ರೆಸ್ ಒಡೆಯಿತು, ಬ್ಯಾಂಕುಗಳು ರಾಷ್ಟ್ರೀಕರಣವಾದವು. 1970ರ ಬಜೆಟ್ಟನ್ನು ಪ್ರಧಾನಿ ಇಂದಿರಾ ಗಾಂಧಿಯವರೇ ಮಂಡಿಸಿದರು. ಗರಿಷ್ಠ ದರ ಸರ್ಚಾರ್ಜ್ ಸೇರಿ ಶೇ. 93.5ಕ್ಕೂ ಸಂಪತ್ತಿನ ತೆರಿಗೆಯ ಗರಿಷ್ಠ ದರ ಶೇ. 5ಕ್ಕೂ ಏರಿತು. ಮರುವರ್ಷ ಚವಾಣ್ ಸರ್ಚಾರ್ಜನ್ನು ಇನ್ನಷ್ಟು ಏರಿಸಿದಾಗ 97.75ರ ಅಂಕಿ ಬಂತು.

ಎರಡನ್ನೂ ಕೂಡಿಸಿ ನೋಡಿದರೆ ಲೆಕ್ಕ ವಿಚಿತ್ರವಾಗುತ್ತದೆ. ದೊಡ್ಡ ಸಿರಿವಂತನೊಬ್ಬನ ನೂರು ರೂಪಾಯಿ ಆಸ್ತಿ ವರ್ಷಕ್ಕೆ ಹತ್ತು ರೂಪಾಯಿ ದುಡಿಯುತ್ತದೆ ಎಂದುಕೊಳ್ಳಿ. ಆದಾಯ ತೆರಿಗೆಗೆ ಒಂಬತ್ತು ರೂಪಾಯಿ ಎಪ್ಪತ್ತೇಳೂವರೆ ಪೈಸೆ ಹೋಗುತ್ತದೆ. ಸಂಪತ್ತಿನ ತೆರಿಗೆಯನ್ನು ಶೇ. 5ರಂತೆ ಹಿಡಿದರೂ ಇನ್ನೈದು ರೂಪಾಯಿ. ಹತ್ತು ದುಡಿದವನು ಹದಿನಾಲ್ಕೂಮುಕ್ಕಾಲು ಕಟ್ಟಬೇಕು. ಇದು ನಿಜಕ್ಕೂ ವಸೂಲಾಗಿದ್ದರೆ ದೇಶದ ದೊಡ್ಡ ಆಸ್ತಿಗಳು ಕೆಲವೇ ವರ್ಷಗಳಲ್ಲಿ ಕರಗಿಹೋಗಬೇಕಿತ್ತು. ಒಂದೂ ಕರಗಲಿಲ್ಲ. ದರ ಎಷ್ಟರಮಟ್ಟಿಗೆ ಬರೀ ಕಾಗದದ್ದಾಗಿತ್ತು ಎಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ.

ಹಣ ತಪ್ಪಿಸಿಕೊಂಡು ಹೋದ ದಾರಿಗಳಲ್ಲಿ ಹಲವು ಕಾನೂನುಬದ್ಧವೇ ಆಗಿದ್ದವು. ಕಾಯ್ದೆಯ ಪ್ರಕಾರ ಹಿಂದೂ ಅವಿಭಕ್ತ ಕುಟುಂಬ ಪ್ರತ್ಯೇಕ ತೆರಿಗೆದಾರ. ಹೀಗಾಗಿ ಒಂದೇ ಮನೆಯ ಆದಾಯ ತಂದೆಯ ಹೆಸರಿನಲ್ಲಿ, ಕುಟುಂಬದ ಹೆಸರಿನಲ್ಲಿ, ಮಕ್ಕಳ ಹೆಸರಿನಲ್ಲಿ ಹಂಚಿಹೋಗಿ ಪ್ರತಿಯೊಂದೂ ಕೆಳಗಿನ ಹಂತದ ದರದಲ್ಲಿ ಕೂರುತ್ತಿತ್ತು. ಮೊಮ್ಮಕ್ಕಳ ಹೆಸರಿನಲ್ಲಿ ಟ್ರಸ್ಟುಗಳು ಹುಟ್ಟಿದವು. ಸಂಬಳ ಸಣ್ಣದು, ಕಂಪನಿಯ ಗೆಸ್ಟ್‌ಹೌಸು ದೊಡ್ಡದು. ಇವಕ್ಕೂ ನಿಲುಕದ್ದು ಕಪ್ಪುಹಣವಾಗಿ ನಿವೇಶನ, ಚಿನ್ನ, ಬೇನಾಮಿ ಆಸ್ತಿಗೆ ಹೋಯಿತು. ಮನೆ ಕೊಳ್ಳುವಾಗ ‘ಎಷ್ಟು ವೈಟು, ಎಷ್ಟು ಬ್ಲ್ಯಾಕು’ ಎಂದು ಕೇಳುವುದು ನಮ್ಮ ಊರುಗಳಲ್ಲಿ ದಿನದ ಮಾತಾಯಿತು. ತಪ್ಪಿಸಿಕೊಳ್ಳಲು ದಾರಿಯಿಲ್ಲದೆ ಉಳಿದವನು ಸಂಬಳದವನು. ತೆರಿಗೆ ಮುರಿದುಕೊಂಡ ನಂತರವೇ ಅವನ ಕೈಗೆ ಹಣ ಬರುತ್ತಿತ್ತು.

ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ. ಎನ್. ವಾಂಚೂ ಅಧ್ಯಕ್ಷತೆಯ ಸಮಿತಿ 1971ರ ಡಿಸೆಂಬರಿನಲ್ಲಿ ಅಂತಿಮ ವರದಿ ಕೊಟ್ಟಿತು. ವಂಚನೆಯ ಕಾರಣಗಳಲ್ಲಿ ಮೊದಲನೆಯದು ವಿಪರೀತ ದರ ಎಂದಿತು. 1968–69ರಲ್ಲಿ ತೆರಿಗೆ ತಪ್ಪಿಸಿಕೊಂಡ ಆದಾಯ ಸುಮಾರು 1,400 ಕೋಟಿ ರೂಪಾಯಿ ಎಂದು ಅಂದಾಜಿಸಿತು. ಸರ್ಚಾರ್ಜೂ ಸೇರಿ ದರ ಶೇ. 75 ಮೀರಬಾರದು ಎಂದು ಸಲಹೆ ಮಾಡಿತು. 97.75ಕ್ಕೆ ಏರಿಸಿದ್ದ ಚವಾಣ್ ಅವರೇ 1974ರಲ್ಲಿ ಅದನ್ನು 77ಕ್ಕೆ ಇಳಿಸಿದರು. 1976ರಲ್ಲಿ ಸಿ. ಸುಬ್ರಮಣ್ಯಂ 66ಕ್ಕೆ ತಂದರು. 1985ರಲ್ಲಿ ವಿ. ಪಿ. ಸಿಂಗ್ 50 ಮಾಡಿದರು. 1997ರಲ್ಲಿ ಪಿ. ಚಿದಂಬರಂ 30ಕ್ಕೆ ನಿಲ್ಲಿಸಿದರು. ದರ ಇಳಿದದ್ದರಿಂದಲೇ ವಸೂಲಿ ಏರಿತು ಎಂದು ಹಲವರು ಬರೆಯುತ್ತಾರೆ. ಅದೇ ಅವಧಿಯಲ್ಲಿ ಪ್ಯಾನ್, ಕಂಪ್ಯೂಟರ್, ವಿಸ್ತರಿಸುತ್ತ ಹೋದ ಟಿಡಿಎಸ್, ವೇಗವಾಗಿ ಬೆಳೆದ ಸಂಬಳದ ಉದ್ಯೋಗ – ಇವೆಲ್ಲವೂ ಇದ್ದವು. ಎಲ್ಲ ಶ್ರೇಯಸ್ಸನ್ನೂ ದರಕ್ಕೇ ಕೊಡುವುದು ಮತ್ತೆ ಅದೇ ಹಳೆಯ ತಪ್ಪು.

‘ಹೆಚ್ಚು ಬರುವುದಿಲ್ಲ’ ಎಂಬ ವಾದ

ಏಣಿ ಇಳಿಯುವಾಗ ಇನ್ನೂ ಒಂದು ಸಂಗತಿ ನಡೆಯಿತು. ಕಾಲ್ಡರ್ ಹೇಳಿದಂತೆ ದರ ಇಳಿಯಿತು; ಆದರೆ ಅವರು ಹೇಳಿದ ಉಳಿದ ತೆರಿಗೆಗಳು ಒಂದೊಂದಾಗಿ ಹೊರಟುಹೋದವು.

ಸತ್ತವರ ಆಸ್ತಿಯ ಮೇಲಿನ ಎಸ್ಟೇಟ್ ಸುಂಕ 1953ರಲ್ಲಿ ಬಂದಿತ್ತು. ಅದರ ಗರಿಷ್ಠ ದರ ಶೇ. 85ರವರೆಗೂ ಏರಿತ್ತು. 1985ರಲ್ಲಿ ವಿ. ಪಿ. ಸಿಂಗ್ ಅದನ್ನು ರದ್ದು ಮಾಡಿದರು. ವರ್ಷಕ್ಕೆ ಬರುತ್ತಿದ್ದುದು ಸುಮಾರು 20 ಕೋಟಿ ರೂಪಾಯಿ, ಅದಕ್ಕೆ ಆಗುವ ಖರ್ಚು, ತಕರಾರು ಹೆಚ್ಚು ಎಂಬುದು ಕಾರಣ. ಇಡೀ ದೇಶದಲ್ಲಿ ತಲೆಮಾರಿನಿಂದ ತಲೆಮಾರಿಗೆ ದಾಟುತ್ತಿದ್ದ ಆಸ್ತಿಯ ಮೇಲೆ 85ರ ದರವಿಟ್ಟು 20 ಕೋಟಿ ಬರುತ್ತಿದೆ ಎಂದರೆ ಕೇಳಬೇಕಾಗಿದ್ದ ಪ್ರಶ್ನೆ, ಉಳಿದದ್ದೆಲ್ಲ ಎಲ್ಲಿ ಹೋಯಿತು ಎಂಬುದು. ಅದನ್ನು ಕೇಳದೆ ತೆರಿಗೆಯನ್ನೇ ತೆಗೆದರು. 1998ರಲ್ಲಿ ದಾನ ತೆರಿಗೆಯೂ ಹೋಯಿತು.

ಸಂಪತ್ತಿನ ತೆರಿಗೆಯ ಕಥೆಯಲ್ಲಿ ಇದು ಇನ್ನೂ ಸ್ಪಷ್ಟ. ರಾಜಾ ಚೆಲ್ಲಯ್ಯ ಸಮಿತಿಯ ವರದಿಯ ನಂತರ, 1993ರಿಂದ ಆ ತೆರಿಗೆಯನ್ನು ‘ಅನುತ್ಪಾದಕ’ ಆಸ್ತಿಗೆ ಮಾತ್ರ ಸೀಮಿತಗೊಳಿಸಿದರು. ಹೆಚ್ಚುವರಿ ಮನೆ, ಒಡವೆ, ಕಾರು, ನಗರದ ಖಾಲಿ ನಿವೇಶನ ಒಳಗೆ. ಷೇರು, ಬಾಂಡು, ಬ್ಯಾಂಕ್ ಠೇವಣಿ ಹೊರಗೆ. ನಿಜವಾದ ದೊಡ್ಡ ಸಂಪತ್ತು ಇರುವುದು ಷೇರುಗಳಲ್ಲಿ. ಅಜ್ಜಿಯ ಚಿನ್ನಕ್ಕೆ ತೆರಿಗೆ, ಕಂಪನಿಯ ಒಡೆತನಕ್ಕೆ ಇಲ್ಲ. 2015ರಲ್ಲಿ ಅರುಣ್ ಜೇಟ್ಲಿ ಇದನ್ನು ರದ್ದು ಮಾಡುವಾಗ 2013–14ರಲ್ಲಿ ಬಂದದ್ದು 1,008 ಕೋಟಿ ರೂಪಾಯಿ ಮಾತ್ರ ಎಂದು ಸಂಸತ್ತಿಗೆ ತಿಳಿಸಿದರು. ಮೀನು ಹೋಗುವಷ್ಟು ತೂತು ಬಿಟ್ಟು, ಬಲೆಗೆ ಮೀನು ಬೀಳುವುದಿಲ್ಲ ಎಂದಂತಾಯಿತು.

ಅದರ ಬದಲಿಗೆ ಬಂದದ್ದು ಕೋಟಿಗಿಂತ ಹೆಚ್ಚು ಆದಾಯದವರ ಮೇಲೆ ಹೆಚ್ಚುವರಿ ಶೇ. 2 ಸರ್ಚಾರ್ಜ್. 2019ರಲ್ಲಿ ಐದು ಕೋಟಿ ದಾಟಿದವರಿಗೆ ಸರ್ಚಾರ್ಜ್ ಶೇ. 37 ಆಗಿ ಗರಿಷ್ಠ ದರ ಶೇ. 42.74 ಮುಟ್ಟಿತು. 2023ರಲ್ಲಿ ಹೊಸ ಪದ್ಧತಿ ಆಯ್ದವರಿಗೆ ಅದು ಶೇ. 39ಕ್ಕೆ ಇಳಿಯಿತು. ಇಲ್ಲಿ ಕರ್ನಾಟಕದಂಥ ರಾಜ್ಯಗಳು ಗಮನಿಸಬೇಕಾದ ಒಂದು ಅಂಶವಿದೆ. ಸಂಪತ್ತಿನ ತೆರಿಗೆ ರಾಜ್ಯಗಳ ಜೊತೆ ಹಂಚಿಕೊಳ್ಳುವ ತೆರಿಗೆಗಳ ಗಂಟಿನಲ್ಲಿತ್ತು. ಸರ್ಚಾರ್ಜ್ ಸಂವಿಧಾನದ ಪ್ರಕಾರ ಪೂರ್ತಿ ಕೇಂದ್ರದ್ದು. ಬೆಂಗಳೂರಿನ ಕೋಟ್ಯಧಿಪತಿ ಕಟ್ಟುವ ಸರ್ಚಾರ್ಜಿನಲ್ಲಿ ಯಾವ ರಾಜ್ಯಕ್ಕೂ ಪಾಲಿಲ್ಲ. ಸಿರಿವಂತರ ತೆರಿಗೆಯ ರೂಪ ಬದಲಾದಾಗ ಅದರ ಫಲ ಯಾರಿಗೆ ಸೇರುತ್ತದೆ ಎಂಬುದೂ ಸದ್ದಿಲ್ಲದೆ ಬದಲಾಯಿತು.

ಅಗರಬತ್ತಿ ಮತ್ತು ಕಾಫಿ

ವ್ಯಾಖ್ಯೆಯ ಪ್ರಶ್ನೆ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ನಮ್ಮ ನೆಲದ ಎರಡು ಉದಾಹರಣೆಗಳು.

ಅಗರಬತ್ತಿ ತಯಾರಿಸಿ ಮಾರುತ್ತಿದ್ದ ಪಾಲುದಾರಿಕೆ ಸಂಸ್ಥೆಯೊಂದು ವಿಸರ್ಜನೆಯಾಗಿ ಅದರ ಹೆಸರಿನ ಬೆಲೆ, ಅಂದರೆ ಗುಡ್‌ವಿಲ್, ಒಂದೂವರೆ ಲಕ್ಷ ರೂಪಾಯಿ ಎಂದು ನಿಗದಿಯಾಯಿತು. ಬೆಂಗಳೂರಿನ ಆದಾಯ ತೆರಿಗೆ ಆಯುಕ್ತರು ಇದನ್ನು ಬಂಡವಾಳ ಲಾಭ ಎಂದರು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. 1981ರಲ್ಲಿ ಕೋರ್ಟು ಹೇಳಿದ್ದು: ಲಾಭ ಲೆಕ್ಕ ಹಾಕಲು ಮಾರಿದ ಬೆಲೆಯಿಂದ ಕೊಂಡ ಬೆಲೆ ಕಳೆಯಬೇಕು. ಗುಡ್‌ವಿಲ್ ವ್ಯಾಪಾರ ಮಾಡುತ್ತ ತಾನೇ ಬೆಳೆದದ್ದು, ಯಾರೂ ಕೊಂಡದ್ದಲ್ಲ. ಲೆಕ್ಕ ಹಾಕಲು ಆಗದಿದ್ದರೆ ತೆರಿಗೆಯೂ ಇಲ್ಲ. ತರ್ಕ ನೇರವಾಗಿತ್ತು. ಸಂಸತ್ತು 1987ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದು ಅಂಥ ಗುಡ್‌ವಿಲ್‌ನ ಕೊಂಡ ಬೆಲೆ ಸೊನ್ನೆ ಎಂದು ಬರೆಯಬೇಕಾಯಿತು. ಒಂದು ಪದ ಸೇರಿಸುವವರೆಗೆ ದರ ಎಷ್ಟಿದ್ದರೂ ಆ ಲಾಭದ ಮೇಲಿನ ತೆರಿಗೆ ಸೊನ್ನೆಯೇ.

ಕಾಫಿಯದು ಇನ್ನೂ ಸೂಕ್ಷ್ಮ. ಚಿಕ್ಕಮಗಳೂರಿನಲ್ಲೋ ಕೊಡಗಿನಲ್ಲೋ ಬೆಳೆಗಾರರೊಬ್ಬರು ಕಾಫಿ ಬೆಳೆದು ಹಾಗೆಯೇ ಮಾರಿದರೆ ಆ ಆದಾಯ ಪೂರ್ತಿ ಕೃಷಿಯದು, ಕೇಂದ್ರದ ತೆರಿಗೆ ಇಲ್ಲ. ತಾವು ಬೆಳೆದದ್ದನ್ನು ತಾವೇ ಕ್ಯೂರಿಂಗ್ ಮಾಡಿ ಮಾರಿದರೆ ಶೇ. 25 ಭಾಗ ವ್ಯಾಪಾರದ ಆದಾಯ. ಹುರಿದು ಪುಡಿ ಮಾಡಿ ಮಾರಿದರೆ ಶೇ. 40. ಉಳಿದ ಕೃಷಿ ಭಾಗಕ್ಕೆ ತೆರಿಗೆ ಹಾಕುವ ಅಧಿಕಾರ ರಾಜ್ಯದ್ದು. ಮೈಸೂರು ರಾಜ್ಯ 1957ರಲ್ಲೇ ಅದಕ್ಕೆ ಕಾಯ್ದೆ ಮಾಡಿತ್ತು. ಆದರೆ ದೇಶದಲ್ಲಿ ಈ ಅಧಿಕಾರವನ್ನು ಒಂದಿಷ್ಟಾದರೂ ಬಳಸಿದ್ದು ಮುಖ್ಯವಾಗಿ ಕಾಫಿ, ಚಹಾ, ರಬ್ಬರ್ ತೋಟಗಳ ಮೇಲೆ. 1972ರಲ್ಲಿ ಕೆ. ಎನ್. ರಾಜ್ ಸಮಿತಿ ದೊಡ್ಡ ಹಿಡುವಳಿಗಳ ಮೇಲೆ ತೆರಿಗೆ ಹಾಕಲು ವಿವರವಾದ ಸೂತ್ರ ಕೊಟ್ಟಿತು. ಯಾವ ರಾಜ್ಯಕ್ಕೂ ಅದು ಬೇಡವಾಯಿತು. ಕೇಂದ್ರ ಒಪ್ಪಿಕೊಂಡದ್ದು ಒಂದು ಸಣ್ಣ ಭಾಗವನ್ನು: ಬೇರೆ ಆದಾಯವೂ ಇರುವವರಿಗೆ ದರ ನಿಗದಿ ಮಾಡುವಾಗ ಕೃಷಿ ಆದಾಯವನ್ನೂ ಸೇರಿಸಿ ನೋಡುವುದು.

ಈ ಮಾತು ಆಡಿದ ಕೂಡಲೇ ರೈತರ ಮೇಲೆ ತೆರಿಗೆಯೇ ಎಂಬ ಆಕ್ಷೇಪ ಬರುತ್ತದೆ. ಎರಡು ಎಕರೆ ರಾಗಿ ಬೆಳೆಯುವವರ ಆದಾಯ ಯಾವ ಹೊಸ್ತಿಲನ್ನೂ ಮುಟ್ಟುವುದಿಲ್ಲ; ಅವರಿಗೆ ಈ ವಿನಾಯಿತಿಯಿಂದ ಒಂದು ಪೈಸೆಯ ಲಾಭವೂ ಇಲ್ಲ. ಅವರ ಹೆಸರಿನಲ್ಲಿ ಉಳಿದಿರುವ ವಿನಾಯಿತಿಯ ಫಲ ಉಣ್ಣುವವರು ದೊಡ್ಡ ತೋಟಗಳವರು, ಮತ್ತು ಬೇರೆಲ್ಲೋ ಗಳಿಸಿದ್ದನ್ನು ಜಮೀನಿನ ಲೆಕ್ಕದಲ್ಲಿ ತೋರಿಸುವವರು.

ನಾಲ್ಕು ಜನ, ಒಂದು ಕೋಟಿ

ಇವತ್ತಿನ ಸ್ಥಿತಿಯನ್ನು ಒಂದು ಲೆಕ್ಕದಲ್ಲಿ ಹೇಳಬಹುದು. ಈ ವರ್ಷ ನಾಲ್ವರ ಕೈಗೆ ತಲಾ ಒಂದು ಕೋಟಿ ರೂಪಾಯಿ ಬಂತು ಎಂದುಕೊಳ್ಳಿ. ಮೊದಲನೆಯವರು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿ ದುಡಿದು ಸಂಬಳ ಪಡೆದವರು. ಮೇಲಿನ ಹಂತದಲ್ಲಿ ಶೇ. 30, ಅದರ ಮೇಲೆ ಸರ್ಚಾರ್ಜ್, ಸೆಸ್, ಕಂಪನಿಯೇ ಮುರಿದುಕೊಳ್ಳುತ್ತದೆ. ಎರಡನೆಯವರು ಹಳೆಯ ಷೇರು ಮಾರಿ ಲಾಭ ಮಾಡಿದವರು. 2004ರಿಂದ 2018ರವರೆಗೆ ಷೇರುಪೇಟೆಯ ಇಂಥ ದೀರ್ಘಾವಧಿ ಲಾಭಕ್ಕೆ ತೆರಿಗೆಯೇ ಇರಲಿಲ್ಲ, ಈಗ ಶೇ. 12.5 ಮತ್ತು ಅದರ ಮೇಲಿನ ಸರ್ಚಾರ್ಜ್, ಸೆಸ್. ಮೂರನೆಯವರು ತೋಟದ ಕಾಫಿಯನ್ನು ಹಾಗೆಯೇ ಮಾರಿದವರು. ಕೇಂದ್ರಕ್ಕೆ ಏನೂ ಇಲ್ಲ. ನಾಲ್ಕನೆಯವರಿಗೆ ತಂದೆಯಿಂದ ಒಂದು ಕೋಟಿ ಬಂತು, ಏನೂ ಇಲ್ಲ. ಒಂದೇ ಕೋಟಿ, ನಾಲ್ಕು ಲೆಕ್ಕ. ಬೆವರು ಸುರಿಸಿ ದುಡಿದವರ ಮೇಲೆ ಎಲ್ಲಕ್ಕಿಂತ ಹೆಚ್ಚು, ಏನೂ ಮಾಡದೆ ಪಡೆದವರ ಮೇಲೆ ಎಲ್ಲಕ್ಕಿಂತ ಕಡಿಮೆ.

ಸಂಬಳದವರಿಗೆ ತೆರಿಗೆಯ ಮೇಲಿರುವ ಸಿಟ್ಟಿಗೆ ಇದೇ ಕಾರಣ. ಆ ಸಿಟ್ಟು ಬಹಳ ಸಲ ತೆರಿಗೆಯೇ ಬೇಡ ಎನ್ನುವ ಕಡೆಗೆ ತಿರುಗುತ್ತದೆ, ಇಲ್ಲವೇ ತಮಗಿಂತ ಬಡವರಿಗೆ ಸಿಗುವ ಅಕ್ಕಿಯ ಕಡೆಗೆ. ಅದು ತಿರುಗಬೇಕಾದ್ದು ಉಳಿದ ಮೂರು ಲೆಕ್ಕಗಳ ಕಡೆಗೆ.

2024ರ ಲೋಕಸಭಾ ಚುನಾವಣೆಯ ಹೊತ್ತಿನಲ್ಲಿ ತಾಳಿಯ ಮಾತಿನ ಜೊತೆಗೆ ವಾರಸುದಾರಿಕೆ ತೆರಿಗೆಯ ಮಾತೂ ಎದ್ದಿತು. ಯಾರೂ ಅದರ ವಿನ್ಯಾಸದ ಬಗ್ಗೆ ಮಾತಾಡಲಿಲ್ಲ. ಎಷ್ಟು ಕೋಟಿಯ ಮೇಲೆ? ಇರುವ ಒಂದು ಮನೆಗೆ ವಿನಾಯಿತಿ ಇದೆಯೇ? ಷೇರುಗಳು ಒಳಗೋ ಹೊರಗೋ? ಟ್ರಸ್ಟುಗಳ ಗತಿ ಏನು? ಹಿಂದಿನ ಎಸ್ಟೇಟ್ ಸುಂಕ ಸೋತದ್ದು ಇಂಥ ಪ್ರಶ್ನೆಗಳಲ್ಲಿ. ಶೇ. 85 ಎಂದು ಬರೆದು 20 ಕೋಟಿ ವಸೂಲು ಮಾಡುವುದಕ್ಕಿಂತ, ಎತ್ತರದ ಹೊಸ್ತಿಲಿಟ್ಟು, ವಿನಾಯಿತಿ ಬೆರಳೆಣಿಕೆಯಷ್ಟಿಟ್ಟು, ಶೇ. 10 ಎಂದು ಬರೆದು ಅದನ್ನು ಪೂರ್ತಿ ವಸೂಲು ಮಾಡುವುದು ಹೆಚ್ಚು ನ್ಯಾಯ.

ಕಾಲ್ಡರ್‌ಗೆ ಇಲ್ಲದ ಒಂದು ಅನುಕೂಲ ನಮಗಿದೆ. ಅವರು ಕಾಗದದಲ್ಲಿ ಬರೆದ ತಾಳೆ ನೋಡುವ ವ್ಯವಸ್ಥೆ ಈಗ ಬಹುಮಟ್ಟಿಗೆ ಇದೆ. ಆಸ್ತಿ ನೋಂದಣಿ, ಷೇರು ವ್ಯವಹಾರ, ಬ್ಯಾಂಕ್ ಬಡ್ಡಿ, ದೊಡ್ಡ ಖರ್ಚು – ಎಲ್ಲವೂ ಒಂದು ಪ್ಯಾನ್ ಸಂಖ್ಯೆಗೆ ಬಂದು ಸೇರುತ್ತವೆ. ತೆರಿಗೆದಾರರು ವಿವರಪಟ್ಟಿ ಸಲ್ಲಿಸುವ ಮೊದಲೇ ಅವರ ವ್ಯವಹಾರಗಳ ಪಟ್ಟಿ ಇಲಾಖೆಯ ಜಾಲತಾಣದಲ್ಲಿ ಸಿದ್ಧವಾಗಿರುತ್ತದೆ. 1957ರಲ್ಲಿ ತೆರಿಗೆಗಳಿದ್ದವು, ಮಾಹಿತಿ ಇರಲಿಲ್ಲ. ಈಗ ಮಾಹಿತಿ ಇದೆ, ಆ ತೆರಿಗೆಗಳಲ್ಲಿ ಹೆಚ್ಚಿನವು ಇಲ್ಲ. ನಡುವೆ ಆಳಿದ ಎಲ್ಲ ಪಕ್ಷಗಳ ಸರ್ಕಾರಗಳೂ ಇದಕ್ಕೆ ಕೈ ಜೋಡಿಸಿವೆ.

ಮುಂದಿನ ಫೆಬ್ರುವರಿಯಲ್ಲೂ ಬಜೆಟ್ ದಿನ ಟಿವಿಯ ಕೆಳಗೆ ದರದ ಅಂಕಿಗಳು ಓಡುತ್ತವೆ. ಆ ಅಂಕಿಗಳಿಗೆ ಸಿಟ್ಟಾಗುವ ಮೊದಲು, ಸಂತೋಷಪಡುವ ಮೊದಲು, ಅವು ಯಾವುದರ ಮೇಲೆ ಎಂದು ಕೇಳುವ ಅಭ್ಯಾಸವನ್ನು ನಾವು ಮಾಡಿಕೊಳ್ಳಬೇಕು. ತೊಂಬತ್ತೇಳೂ ಮುಕ್ಕಾಲರ ಕಾಲದಲ್ಲಿ ಆ ಪ್ರಶ್ನೆ ಕೇಳದಿದ್ದುದರಿಂದ ಲಾಭ ಪಡೆದವರು ಯಾರೋ, ಮೂವತ್ತರ ಕಾಲದಲ್ಲೂ ಅವರೇ ಪಡೆಯುತ್ತಿದ್ದಾರೆ.